ಓರಗಿತ್ತಿಯ ಕಿಡ್ನಿಯ ಮೇಲೆ ನನ್ನ ಕಣ್ಣು

ಠಾಣೆ ಊರಿನ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಕಿಡ್ನಿ ಡಾಕ್ಟರರ ಕೋಣೆಯ ಹೊರಗೆ, ಗೋಡೆಗೆ ತಾಗಿಸಿದ ಒಂದು ಕಬ್ಬಿಣದ ಬೆಂಚು ಉಂಟು. ಆ ದಿನ ಅದರ ಮೇಲೆ ನಾವು ಮೂರು ಜನ ಕೂತಿದ್ದೆವು. ಈ ತುದಿಗೆ ನಾನು. ಆ ತುದಿಗೆ ನನ್ನ ಓರಗಿತ್ತಿ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ. ನಡುವೆ ನನ್ನ ಗಂಡ. ಅವರದು ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಒಂದು ಸಣ್ಣ ಉಡುಪಿ ಹೋಟೆಲು. ಬೆಳಗಿನ ಗಿರಾಕಿ ಮುಗಿಯುವ ಮೊದಲೇ ಎದ್ದು ಬಂದಿದ್ದರಿಂದ ಅಂಗಿಯಲ್ಲಿ ಇನ್ನೂ ಸಾಂಬಾರಿನ ಪರಿಮಳವಿತ್ತು. ಎದುರು ಕೂತ ರೋಗಿಯೊಬ್ಬರು ಎರಡು ಸಲ ಮೂಗು ಅರಳಿಸಿ ಇವರನ್ನೇ ನೋಡಿದರು. ಉಪ್ಪು ಬಿಟ್ಟವರಿಗೆ ಆ ವಾಸನೆ ಎಂತಹ ಕಷ್ಟ ಅಂತ ನನಗೆ ಗೊತ್ತು.

ನಾವು ಎರಡು ಕಾಗದಗಳಿಗೆ ಕಾಯುತ್ತಿದ್ದೆವು. ಒಂದು ನನ್ನದು, ಒಂದು ಅವಳದು.

ನಮ್ಮಿಬ್ಬರ ಕಿಡ್ನಿಯೂ ಕೆಟ್ಟು ಏಳೆಂಟು ವರ್ಷವಾಗಿತ್ತು. ನನಗೆ ಸಕ್ಕರೆಯಿಂದ, ಅವಳಿಗೆ ಬೀಪಿಯಿಂದ. ಕಿಡ್ನಿ ಸೋಸದೆ ರಕ್ತದಲ್ಲಿ ಉಳಿದ ಕಸದ ಲೆಕ್ಕ, ಕ್ರಿಯಾಟಿನಿನ್ ಅನ್ನುವುದು, ನಮ್ಮ ಮನೆಯಲ್ಲಿ ಮಳೆ, ತರಕಾರಿ ರೇಟು ಇದ್ದ ಹಾಗೆ ದಿನದ ಮಾತು. ಅವಳದೂ ನನ್ನದೂ ಯಾವಾಗಲೂ ಹೆಚ್ಚುಕಡಿಮೆ ಒಂದೇ. ಇವತ್ತು ನಾನು ಒಂದು ಕೂದಲು ಮುಂದೆ, ನಾಳೆ ಅವಳು. ಆದರೆ ಆ ಬೇಸಗೆಯಲ್ಲಿ ನಮ್ಮ ಡಾಕ್ಟರು ಒಂದು ಹೊಸ ಪರೀಕ್ಷೆ ಮಾಡಿಸಿದರು. ರಕ್ತ ಬೇಡ, ಸೂಜಿ ಬೇಡ, ಬೆಳಗಿನ ಮೊದಲ ಮೂತ್ರ ಸಾಕು. ಅದರಲ್ಲಿ ಒಂದು ಪ್ರೊಟೀನನ್ನು ಅಳೆಯುತ್ತಾರೆ. ಹೆಸರು ಡಿಕೆಕೆ-ತ್ರೀ. ನನ್ನ ಗಂಡ ಕೇಳಿ, ಇದು ಬಸ್ಸಿನ ನಂಬರಿನ ಹಾಗುಂಟಲ್ಲ ಅಂದರು.

ಡಾಕ್ಟರು ಮರಾಠಿ ಹೆಂಗಸು, ನನ್ನ ಮಗಳ ವಯಸ್ಸು. ಅವರು ಹಿಂದಿಯಲ್ಲಿ ತಿಳಿಸಿ ಹೇಳಿದ್ದನ್ನು ನಾನು ನಮ್ಮ ಹೋಟೆಲಿನ ಭಾಷೆಗೆ ತಂದುಕೊಂಡೆ. ಮೋರಿ ಕಟ್ಟಿದ್ದು ನೀರು ಮೇಲೆ ಬಂದು ಕಾಲಿಗೆ ತಾಗಿದಾಗ ಗೊತ್ತಾಗುತ್ತದೆ. ಕ್ರಿಯಾಟಿನಿನ್ ಹಾಗೆ, ಆದದ್ದನ್ನು ಆದ ಮೇಲೆ ಹೇಳುವುದು. ಈ ಪ್ರೊಟೀನು ಬೇರೆ ಜಾತಿ. ಕಿಡ್ನಿಯೊಳಗೆ ಸಣ್ಣ ಸಣ್ಣ ನಳಿಗೆಗಳಿವೆ. ಅವುಗಳ ಒಳಗೋಡೆಯ ಜೀವಕಣಗಳು ಸಂಕಟಕ್ಕೆ ಸಿಕ್ಕಾಗ ಇದನ್ನು ಹೊರಗೆ ಬಿಡುತ್ತವೆ. ಒಂದು ಕಣ ಇನ್ನೊಂದಕ್ಕೆ ಕಳಿಸುವ ಸುದ್ದಿ ಅದು. ಕೆಟ್ಟ ಸುದ್ದಿ ಕೇಳಿದ ಮನೆ ಸುಮ್ಮನಿರುವುದುಂಟೆ? ಸುದ್ದಿ ಹಬ್ಬಿದಲ್ಲೆಲ್ಲ ಕಲೆ ಕಟ್ಟಲು ಶುರು. ಮೊಣಕಾಲಿನ ಗಾಯ ಮಾಗಿ ಗಡುಸಾಗುತ್ತದಲ್ಲ, ಹಾಗೆ ಒಳಗೂ ಆಗುತ್ತದೆ. ಕಲೆಯಾದ ಜಾಗ ಮತ್ತೆ ಸೋಸುವುದಿಲ್ಲ. ಮೊದಲು ಆ ಕಲೆ ನೋಡಬೇಕಾದರೆ ಬೆನ್ನಿನಿಂದ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆಯಬೇಕಿತ್ತು. ಈಗ ಮೂತ್ರದಲ್ಲಿ ಈ ಪ್ರೊಟೀನು ಎಷ್ಟುಂಟು ಅಂತ ನೋಡಿ, ಒಳಗೆ ಕಲೆ ಕಟ್ಟುವ ಕೆಲಸ ಜೋರಿದೆಯೋ ಇಲ್ಲವೋ ಅಂತ ಅಂದಾಜು ಮಾಡಬಹುದು. ಇದೊಂದನ್ನೇ ಹಿಡಿದು ಭವಿಷ್ಯ ಹೇಳಲಾಗದು, ಆದರೆ ಚಿಕಿತ್ಸೆ ಬಿಗಿ ಮಾಡಬೇಕೋ ಸ್ವಲ್ಪ ಕಾಯಬಹುದೋ ಅಂತ ತೀರ್ಮಾನಿಸಲು ಸಹಾಯ ಅಂದಿದ್ದರು.

ಒಳಗೆ ಕರೆದರು. ನಾವು ಯಾವಾಗಲೂ ಒಟ್ಟಿಗೇ ಹೋಗುವವರು. ಡಾಕ್ಟರು ಎರಡೂ ಕಾಗದ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟರು. ನನ್ನದು ಹೆಚ್ಚು. ಬಹಳ ಹೆಚ್ಚು. ಅವಳದು ಕಡಿಮೆ, ಆರೋಗ್ಯ ಇದ್ದವರ ಹತ್ತಿರ ಹತ್ತಿರ. ನನಗೆ ಒಂದು ಹೊಸ ಮಾತ್ರೆ ಶುರುವಾಯಿತು, ತಿಂಗಳು ತಿಂಗಳು ಬಂದು ತೋರಿಸಬೇಕು, ಎಡಗೈಯ ನರಕ್ಕೆ ಇನ್ನು ಮೇಲೆ ಯಾರೂ ಸೂಜಿ ಹಾಕಬಾರದು, ಮುಂದೆ ಡಯಾಲಿಸಿಸ್ಸಿಗೆ ಬೇಕಾದೀತು. ಅವಳಿಗೆ ಹಳೆಯ ಮಾತ್ರೆಯೇ ಸಾಕು. ದೀಪಾವಳಿ ಕಳೆದ ಮೇಲೆ ಬನ್ನಿ ಅಂದರು.

ಅವಳು ಮೇಜಿನ ಕೆಳಗೆ ನನ್ನ ಕೈ ಹಿಡಿದಳು. ನಾನು ಪರ್ಸಿನಲ್ಲಿ ಕರವಸ್ತ್ರ ಹುಡುಕುವ ನೆವ ಮಾಡಿ ಕೈ ಬಿಡಿಸಿಕೊಂಡೆ.

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು, ಇಲ್ಲವಾದರೆ ನನ್ನನ್ನು ನೀವು ಬರೀ ಕೆಟ್ಟ ಹೆಂಗಸು ಅಂದುಕೊಳ್ಳುತ್ತೀರಿ. ಕೆಟ್ಟವಳೇ, ಆದರೆ ಅದಕ್ಕೊಂದು ಚರಿತ್ರೆ ಉಂಟು. ನಾನು ಮದುವೆಯಾಗಿ ಬಂದದ್ದು ಚಾಳಿನ ಒಂದು ಕೋಣೆಗೆ. ಅದರಲ್ಲಿ ಅತ್ತೆ, ಮಾವ, ಮೈದುನ, ನಾವಿಬ್ಬರು. ಸಂಡಾಸಿಗೆ ಸಾಲಿನಲ್ಲಿ ನಿಲ್ಲಬೇಕು. ಅವಳು ಏಳು ವರ್ಷ ಬಿಟ್ಟು ಬಂದಳು, ನೆಟ್ಟಗೆ ಕಲ್ಯಾಣದ ಹೊಸ ಫ್ಲ್ಯಾಟಿಗೆ, ಬ್ಯಾಂಕಿನ ಕೆಲಸದ ಗಂಡನ ಜೊತೆ. ಅತ್ತೆ ತಮ್ಮ ಚಿನ್ನದ ಅವಲಕ್ಕಿ ಸರವನ್ನು ಅವಳ ಕೊರಳಿಗೆ ಹಾಕಿದರು. ನನಗೆ ಬಳೆ ಸಿಕ್ಕಿತ್ತು, ಇಲ್ಲ ಅನ್ನುವುದಿಲ್ಲ, ಆದರೆ ಆ ಸರ ನಾನು ಏಳು ವರ್ಷ ಅತ್ತೆಯ ಕೊರಳಲ್ಲಿ ನೋಡಿ ನೋಡಿ ನನ್ನದೇ ಅಂದುಕೊಂಡದ್ದು. ಕೊನೆಗೆ ಅತ್ತೆಯೂ ಅವಳ ಹತ್ತಿರವೇ ಹೋದರು. ಅದೇನೂ ನನಗೆ ನಷ್ಟವಲ್ಲ ಅಂತ ಎಲ್ಲರೂ ಹೇಳಿದರು. ನಾನೂ ಹೇಳಿದೆ. ಆದರೂ ಅವರು ಹೋದದ್ದು ನನ್ನನ್ನು ಬಿಟ್ಟು ಅವಳ ಮನೆಗೆ, ಅದನ್ನು ಮರೆಯುವುದು ಹೇಗೆ?

ಜಗಳವಾಡಲು ಅವಳಲ್ಲಿ ಒಂದು ತಪ್ಪೂ ಸಿಗುವುದಿಲ್ಲ. ಅದೇ ದೊಡ್ಡ ತಪ್ಪು. ಉಪ್ಪಿಲ್ಲದೆ ಸಾರು ಮಾಡಿದರೂ ರುಚಿ. ಎರಡು ಸಲ ನೀರು ಬದಲಿಸಿ ಬೇಯಿಸಿದ ಬಟಾಟೆಗೂ ಅವಳ ಕೈಯಲ್ಲಿ ಒಂದು ಪರಿಮಳ. ನನಗೆ ಮಾತು ಕಲಿಸಿದವರು ಅಜ್ಜಿ. ಅವರು ಹೇಳುತ್ತಿದ್ದರು, ಹೊಟ್ಟೆಕಿಚ್ಚು ಅಂದರೆ ಉಮಿಯ ಬೆಂಕಿ ಮಗಾ, ಉರಿ ಕಾಣುವುದಿಲ್ಲ, ಹಂಡೆಯ ನೀರು ಮಾತ್ರ ಕಾಯ್ತಾ ಇರ್ತದೆ. ನನ್ನ ಹಂಡೆ ಮೂವತ್ತು ವರ್ಷದಿಂದ ಆರಿದ್ದೇ ಇಲ್ಲ.

ಹಾಗಿದ್ದಾಗ ಅವಳಿಗೂ ಕಿಡ್ನಿಯ ತೊಂದರೆ ಅಂತ ಗೊತ್ತಾದ ದಿನ ನನಗೆ ಏನಾಯಿತು ಅಂತ ಬರೆಯಲು ಕೈ ಹಿಂಜರಿಯುತ್ತದೆ. ಅತ್ತುಬಿಟ್ಟೆ. ಹೌದು, ಅತ್ತದ್ದು ನಿಜವೇ. ಆದರೆ ಒಳಗೆಲ್ಲೋ ಒಂದು ಸಮಾಧಾನ, ಅಂತೂ ಒಂದು ವಿಷಯದಲ್ಲಿ ನಾವು ಸಮ. ಆ ಮೇಲೆ ನಾವು ಒಟ್ಟಿಗೆ ಲೋಕಲ್ ರೈಲಿನಲ್ಲಿ ಠಾಣೆಗೆ ಹೋಗುವುದು, ಒಟ್ಟಿಗೆ ಉಪ್ಪನ್ನು ಬಯ್ಯುವುದು, ಕಾಗದ ಅದಲುಬದಲು ಮಾಡಿ ನೋಡುವುದು. ನಿಜ ಹೇಳುತ್ತೇನೆ, ಮೂವತ್ತು ವರ್ಷದಲ್ಲಿ ನಾನು ಅವಳನ್ನು ಪ್ರೀತಿಸಿದ್ದು ಆ ಏಳೆಂಟು ವರ್ಷವೇ. ಈಗ ಒಂದು ಪ್ರೊಟೀನು ಬಂದು ಅದನ್ನೂ ಕೆಡಿಸಿತು.

ಮನೆಗೆ ಬರುವಾಗ ಲೇಡೀಸ್ ಡಬ್ಬದಲ್ಲಿ ನನಗೆ ಕಿಟಕಿ ಕೊಟ್ಟು ತಾನು ಮೂವರ ಸೀಟಿನ ತುದಿಗೆ ನಾಲ್ಕನೆಯವಳಾಗಿ ಅರ್ಧ ಕೂತು ಅರ್ಧ ನಿಂತು ಬಂದಳು. ಕಳವಾ ದಾಟಿ ಮುಂಬ್ರಾದ ಗುಡ್ಡ ಕಾಣುವಾಗ, ಅಕ್ಕ, ನಿಮ್ಮದೂ ಇಳಿಯುತ್ತದೆ, ನಾನು ಟಿಟ್ವಾಳಾದ ಗಣಪತಿಗೆ ಹೇಳಿಕೊಳ್ಳುತ್ತೇನೆ ಅಂದಳು. ಹೇಳಿಕೊಂಡು ಸುಮ್ಮನಾಗಲೂ ಇಲ್ಲ. ಆ ಸಂಕಷ್ಟಿಗೆ ಕಲ್ಯಾಣದಿಂದ ಹೋಗಿ, ಬಿಸಿಲಲ್ಲಿ ಸಾಲು ನಿಂತು, ಪ್ರಸಾದ ತಂದು ಡೊಂಬಿವಲಿಗೆ ಕಳಿಸಿದಳು. ಮೋದಕದಲ್ಲಿ ಒಂದೇ ಒಂದು, ನಿಮಗೆ ಸಕ್ಕರೆ ಉಂಟಲ್ಲ ಅಂತ ಚೀಟಿ ಬರೆದು. ಚೆನ್ನಾಗಿರುವವರ ಕರುಣೆಯನ್ನು ಉಣ್ಣುವುದು ಎಷ್ಟು ಕಷ್ಟ ಅಂತ ನನಗೆ ಆ ಮೋದಕದಿಂದ ಗೊತ್ತಾಯಿತು. ತಿಂದೆ. ಚೆನ್ನಾಗಿಯೇ ಇತ್ತು.

ಮುಂದಿನ ಮೂರು ತಿಂಗಳು ನಾನೊಬ್ಬಳೇ ಠಾಣೆಗೆ ಹೋದೆ. ಬೆಂಚಿನಲ್ಲಿ ಕೂತು ಅವಳ ಕಿಡ್ನಿಯನ್ನು ಮನಸ್ಸಿನಲ್ಲೇ ನೋಡುತ್ತಿದ್ದೆ. ಒಂದು ಕಲೆಯಿಲ್ಲದೆ, ಹೊಸ ಅಂಗಡಿಯಿಂದ ತಂದ ಸ್ಟೀಲಿನ ಜಾಲರಿಯ ಹಾಗೆ ಥಳಥಳ. ನನ್ನದು ಹೋಟೆಲಿನ ಹಳೇ ಚಹಾ ಸೋಸುವ ಬಟ್ಟೆ. ಅವಲಕ್ಕಿ ಸರದ ಮೇಲೆ ನನ್ನ ಕಣ್ಣಿದ್ದದ್ದು ಅತ್ತೆಗೆ ಗೊತ್ತಿತ್ತು. ಕಿಡ್ನಿಯ ಮೇಲೂ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಅಷ್ಟಮಿ ಬಂತು. ಅಷ್ಟಮಿಯ ಉಂಡೆ ಚಕ್ಕುಲಿ ಪ್ರತಿವರ್ಷ ಕಲ್ಯಾಣದ ಮನೆಯಲ್ಲಿ, ಅತ್ತೆಯ ಕಣ್ಣ ಮುಂದೆ. ಅತ್ತೆಗೆ ಎಂಬತ್ತೈದು. ಅವರ ಮಡಿ ಅವರಿಗಿಂತ ಗಟ್ಟಿ. ಓರಗಿತ್ತಿ ಹೂವು ತರಲು ಕೆಳಗೆ ಹೋಗಿದ್ದಳು. ನಾನು ಎಳ್ಳುಂಡೆ ಕಟ್ಟುತ್ತಾ, ನೈವೇದ್ಯದ ಬೆಣ್ಣೆ ತೆಗೆಯಲು ಫ್ರಿಜ್ಜಿಗೆ ಕೈ ಹಾಕಿದೆ. ಕೈ ತೊಳೆದೆಯಾ ಅಂತ ಅತ್ತೆ ಕೇಳಿದರು. ತೊಳೆದೆ ಅಂದೆ. ಆಗ ಅವರಿಗೆ ಏನೋ ನೆನಪಾಗಿ ನಗು ಬಂತು.

"ಈ ಫ್ರಿಜ್ಜಿನಲ್ಲಿ ನಿನ್ನ ಓರಗಿತ್ತಿ ಉಚ್ಚೆ ಇಡ್ಲಿಕ್ಕೆ ಬಂದಿದ್ದಳು ಮಾರಾಯ್ತಿ. ನೈವೇದ್ಯದ ಹಾಲಿನ ಕೆಳಗೆ. ನಾನು ಬಿಡ್ತೇನಾ?"

ನಾನು ಬೆಣ್ಣೆಯನ್ನು ಕೆಳಗಿಟ್ಟೆ. ಮತ್ತೆ ಎಲ್ಲಿಟ್ಟಳು ಅಂತ ಕೇಳಿದೆ.

"ಬಚ್ಚಲಿನ ಕಿಟಕಿಯಲ್ಲಿ. ಅಲ್ಲಿ ಗಾಳಿ ಬರ್ತದೆ, ತಂಪೇ ಉಂಟು. ಅವಳು ಪಾಪ ಒಂದು ಮಾತು ಆಡಲಿಲ್ಲ. ನೀನಾಗಿದ್ದರೆ ಇಡೀ ಕಲ್ಯಾಣಕ್ಕೆ ಕೇಳಿಸ್ತಿತ್ತು."

ಆ ಕಿಟಕಿ ನನಗೆ ಗೊತ್ತು. ಮೂಡು ದಿಕ್ಕಿಗೆ. ಪರೀಕ್ಷೆ ಮಾಡಿಸಿದ್ದು ಮೇ ತಿಂಗಳು. ಅವಳು ದೇವರ ಪೂಜೆಗೆ ಅಣಿ ಮಾಡಿ, ಅತ್ತೆಗೆ ಗಂಜಿ ಬಡಿಸಿ, ಮನೆ ಬಿಡುವಾಗ ಹತ್ತು ಗಂಟೆಯಾದರೂ ಆಗಿರುತ್ತದೆ. ಆಮೇಲೆ ಲೋಕಲ್ಲು. ಆಸ್ಪತ್ರೆಯವರು ಬಾಟಲಿ ಕೊಡುವಾಗ ನಮ್ಮಿಬ್ಬರಿಗೂ ಮೂರು ಸಲ ಹೇಳಿದ್ದರು, ತುಂಬಿಸಿದ ಕೂಡಲೇ ಫ್ರಿಜ್ಜಿನಲ್ಲಿಡಿ, ಮಂಜುಗಡ್ಡೆಯ ಜೊತೆ ತನ್ನಿ, ಶಾಖಕ್ಕೆ ಪ್ರೊಟೀನು ಹಾಳಾಗುತ್ತದೆ, ಲೆಕ್ಕ ನಂಬಲಾಗುವುದಿಲ್ಲ ಅಂತ. ನಮ್ಮದು ಹೋಟೆಲಿನವರ ಮನೆ, ಮಡಿ ಕಡಿಮೆ. ನಾನು ಬಾಟಲಿಯನ್ನು ಕಾಫಿಪುಡಿಯ ಖಾಲಿ ಡಬ್ಬದೊಳಗೆ ಹಾಕಿ ಕೆಳಗಿನ ಖಾನೆಯಲ್ಲಿಟ್ಟಿದ್ದೆ. ಬೆಳಿಗ್ಗೆ ಕಾಫಿಗೆಂದು ನನ್ನ ಗಂಡ ಆ ಡಬ್ಬ ತೆಗೆದು ಮುಚ್ಚಳ ಬಿಚ್ಚಿ, ಹಾಗೇ ಮುಚ್ಚಿ, ಆ ದಿನ ಹೋಟೆಲಿನಲ್ಲೇ ಕಾಫಿ ಕುಡಿದರು. ಇನ್ನೊಂದೂ ನೆನಪಾಯಿತು. ಬಾಟಲಿ ಒಪ್ಪಿಸುವಾಗ ಕೌಂಟರಿನ ಹುಡುಗಿ, ಫ್ರಿಜ್ಜಿನಲ್ಲಿತ್ತಾ ಅಂತ ಕೇಳಿದ್ದಳು. ಓರಗಿತ್ತಿ ಒಂದು ಕ್ಷಣ ನನ್ನ ಮುಖ ನೋಡಿ, ತಲೆಯಾಡಿಸಿದ್ದಳು. ಅದಕ್ಕೂ ಮೊದಲು ಆಸ್ಪತ್ರೆಯ ಕೆಳಗೆ ಬರ್ಫದ ಗಾಡಿಯಿಂದ ಹತ್ತು ರೂಪಾಯಿಯ ಮಂಜುಗಡ್ಡೆ ಕೊಂಡು ಚೀಲಕ್ಕೆ ಹಾಕಿಕೊಂಡದ್ದೂ ನನ್ನ ಕಣ್ಣೆದುರಿಗೇ. ಮನೆಯಿಂದ ತಂದದ್ದು ಕರಗಿರಬೇಕು ಅಂದುಕೊಂಡಿದ್ದೆ.

ಅಲ್ಲಿಗೆ ಅವಳ ಕಡಿಮೆ ಅನ್ನುವುದು ಕಡಿಮೆಯೇ ಆಗಿರಬೇಕಾಗಿಲ್ಲ. ಒಳಗೆ ಎಷ್ಟು ಕಲೆ ಕಟ್ಟುತ್ತಿದೆಯೋ ಯಾರಿಗೆ ಗೊತ್ತು. ಮಾತ್ರೆ ಶುರುವಾಗಿಲ್ಲ, ದೀಪಾವಳಿ ಕಳೆಯುವ ತನಕ ಡಾಕ್ಟರು ನೋಡುವುದೂ ಇಲ್ಲ.

ನನಗೆ ಮೊದಲು ಬಂದದ್ದು ಸಂತೋಷ. ಸುಳ್ಳು ಹೇಳಿ ಏನು ಪ್ರಯೋಜನ? ಆ ಥಳಥಳ ಜಾಲರಿ ಫಳ್ಳನೆ ಒಡೆದ ಹಾಗಾಯಿತು. ಎಳ್ಳುಂಡೆ ಚೆಂದ ಗುಂಡಗೆ ಬಂದವು, ಅತ್ತೆಯೇ ಹೊಗಳಿದರು. ಅವಳು ಹೂವು ತಂದಳು. ಹೇಳಬೇಕು ಅಂತ ಬಾಯಿ ತೆರೆದೆ. ಆದರೆ ಹೇಗೆ ಹೇಳಿದರೂ ನನ್ನ ದನಿಯಲ್ಲಿ ಆ ಸಂತೋಷ ಇಣುಕುತ್ತದೆ ಅನ್ನಿಸಿತು. ಹೊಟ್ಟೆಕಿಚ್ಚಿಗೆ ಬಂದು ಹೇಳಿದಳು ಅಂತ ಅತ್ತೆ ಅನ್ನದೆ ಇರುವುದಿಲ್ಲ. ಅದು ಸುಳ್ಳೂ ಅಲ್ಲವಲ್ಲ. ನಾಳೆ ಫೋನು ಮಾಡಿ ಹೇಳಿದರಾಯಿತು ಅಂದುಕೊಂಡೆ. ನಾಳೆ ಅಂದದ್ದು ಗಣಪತಿ ಹಬ್ಬ ಕಳೆದು, ಅನಂತ ಚತುರ್ದಶಿಯೂ ಕಳೆದು ಹೋಯಿತು. ಪ್ರತಿದಿನ ಬೆಳಿಗ್ಗೆ ಫೋನು ಎತ್ತಿಕೊಳ್ಳುವುದು, ಅವಳು ಸಾಸಿವೆ ಹುರಿಯುವ ಸದ್ದಿನ ಹಿಂದಿನಿಂದ, ಅಕ್ಕ ಹೇಗಿದ್ದೀರಿ, ಕಾಲು ಬಾತಿದೆಯಾ ಅಂತ ಕೇಳುವುದು, ನಾನು ಬೇರೆ ಏನೋ ಮಾತಾಡಿ ಇಡುವುದು. ಆ ಮಾತನ್ನು ಒಳಗಿಟ್ಟುಕೊಂಡಷ್ಟು ದಿನ ನಾನು ಅವಳಿಗಿಂತ ಮೇಲೆ. ಅಂತಹ ರುಚಿ ನನಗೆ ಹೊಸದು. ಬಿಡಲು ಮನಸ್ಸಾಗಲಿಲ್ಲ.

ನನ್ನ ಮುಂದಿನ ಭೇಟಿಯಲ್ಲಿ ಡಾಕ್ಟರು ಕಾಗದ ನೋಡುತ್ತಾ, ನಿಮ್ಮ ಜಾವೂಬಾಯಿ ಹೇಗಿದ್ದಾರೆ ಅಂತ ಕೇಳಿದರು. ಮರಾಠಿಯಲ್ಲಿ ಓರಗಿತ್ತಿಗೆ ಹಾಗೆ ಅನ್ನುತ್ತಾರೆ. ಇದಕ್ಕಿಂತ ಸುಲಭದ ಬಾಗಿಲು ಇನ್ನೊಂದು ಬೇಕೇ? ಒಂದೇ ಮಾತು ಸಾಕಿತ್ತು. ನಾನು ಚೆನ್ನಾಗಿದ್ದಾಳೆ ಅಂದೆ. ಡಾಕ್ಟರು ನಕ್ಕು, ಹಾಗೇ ಇರಲಿ ಅಂದರು.

ಲಿಫ್ಟಿಗೆ ಕಾಯದೆ ಮೂರು ಮಹಡಿ ಇಳಿದೆ. ಇಳಿಯುವಾಗ ಆ ಹಾಗೇ ಇರಲಿ ಅನ್ನುವ ಮಾತು ಮೆಟ್ಟಿಲು ಮೆಟ್ಟಿಲಿಗೂ ನನ್ನ ಹಿಂದೆ ಬಂತು. ಹಾಗೇ ಇಲ್ಲ ಅಂತ ಇಡೀ ಲೋಕದಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ನಾನೇ ಹಾಗೇ ಇರಲಿ ಅನ್ನಿಸಿಕೊಂಡು ಬಂದೆ. ಗಾಡಿಯಲ್ಲಿ ಕಿಟಕಿ ಸಿಕ್ಕಿತು. ಮುಂಬ್ರಾದ ಗುಡ್ಡ ಬಂತು, ದಿವಾ ಬಂತು, ಡೊಂಬಿವಲಿ ಬಂತು. ಇಳಿಯುವವರು ಎದ್ದು ಬಾಗಿಲಿಗೆ ಹೋದರು. ನಾನು ಏಳಲಿಲ್ಲ. ಕಲ್ಯಾಣದಲ್ಲಿ ಇಳಿದು ರಿಕ್ಷಾ ಹಿಡಿದೆ.

ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಅವಳು ಬಾಲ್ಕನಿಯಲ್ಲಿ ಹಪ್ಪಳ ತಿರುವಿ ಹಾಕುತ್ತಿದ್ದಳು. ಅವಳೂ ತಿನ್ನುವ ಹಾಗಿಲ್ಲ, ನಾನೂ ತಿನ್ನುವ ಹಾಗಿಲ್ಲ, ಆದರೂ ಮನೆಯವರಿಗೆ ಬೇಕಲ್ಲ. ನನ್ನನ್ನು ನೋಡಿ ಗಾಬರಿಯಿಂದ ಎದ್ದಳು, ನನ್ನ ಕಾಗದದಲ್ಲಿ ಏನಾದರೂ ಬಂತೋ ಅಂತ.

"ನನ್ನದಲ್ಲ, ನಿನ್ನದು," ಅಂದೆ. "ನಿನ್ನ ಬಾಟಲಿ ಫ್ರಿಜ್ಜಿನಲ್ಲಿರಲಿಲ್ಲ. ಅತ್ತೆ ಹೇಳಿದರು."

ಅವಳು ಮತ್ತೆ ಹಪ್ಪಳದ ಮುಂದೆ ಕೂತಳು. ಒಂದು ತಿರುವಿದಳು, ಎರಡು ತಿರುವಿದಳು.

"ಯಾವಾಗ ಹೇಳಿದರು ಅಕ್ಕ?"

"ಅಷ್ಟಮಿಗೆ."

"ಅಷ್ಟಮಿ ಹೋಗಿ ತಿಂಗಳ ಮೇಲಾಯ್ತಲ್ಲ."

"ಹೌದು."

ಅವಳಿಗೆ ಎಲ್ಲ ಅರ್ಥವಾಯಿತು. ಮೂವತ್ತು ವರ್ಷ ಒಬ್ಬರ ಅಡುಗೆಯನ್ನು ಇನ್ನೊಬ್ಬರು ಉಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ತಲೆ ಎತ್ತದೆ ಕೇಳಿದಳು, "ಆ ಒಂದು ತಿಂಗಳು ಹೊಟ್ಟೆ ತಂಪಾಗಿತ್ತಾ?"

"ಆಗಿತ್ತು," ಅಂದೆ. "ಇವತ್ತು ಡಾಕ್ಟರು ನಿನ್ನ ಬಗ್ಗೆ ಕೇಳಿದರು. ಚೆನ್ನಾಗಿದ್ದಾಳೆ ಅಂತ ಹೇಳಿ ಬಂದೆ. ಆಮೇಲೆ ಆಗಲಿಲ್ಲ."

ಅವಳು ಬಯ್ಯಲಿ ಅಂತ ಕಾದೆ. ಬಯ್ಯಲಿಲ್ಲ. ಜೀವನದಲ್ಲಿ ಒಂದು ಸಲವಾದರೂ ಬಯ್ಯಬಾರದೇ ಈ ಹೆಂಗಸು? ಸೆರಗಿನಲ್ಲಿ ಕೈಗೆ ಅಂಟಿದ ಹಿಟ್ಟು ಒರೆಸಿಕೊಂಡು ಹೇಳಿದಳು: "ನನಗೂ ಗೊತ್ತಿತ್ತು ಅಕ್ಕ. ಡಾಕ್ಟರು ಕಡಿಮೆ ಅಂದಾಗಲೇ, ಇದು ಆ ಕಿಟಕಿಯ ಕೆಲಸ ಅಂತ ಅನ್ನಿಸಿತ್ತು. ಆದರೆ ಒಳ್ಳೆಯದು ಅಂತ ಕೈಗೆ ಕೊಟ್ಟ ಕಾಗದವನ್ನು ಯಾರು ವಾಪಸು ಕೊಡ್ತಾರೆ ಹೇಳಿ. ಟಿಟ್ವಾಳಾಗೆ ನಿಮ್ಮ ಹೆಸರಲ್ಲಿ ಹೋದೆ. ಅಲ್ಲಿ ನಿಂತು ಬೇಡಿಕೊಂಡದ್ದು ನನ್ನ ಕಾಗದ ನಿಜವಾಗಲಿ ಅಂತ."

ನನಗೆ ಆ ಒಂಟಿ ಮೋದಕ ನೆನಪಾಯಿತು. ನಗು ಬಂತು. ಅವಳಿಗೂ ಬಂತು, ಆದರೆ ಅವಳ ನಗು ಅರ್ಧಕ್ಕೇ ಅಳುವಾಯಿತು. ಒಳಗೆ ಅತ್ತೆ ಎದ್ದು, ಯಾರು ಬಂದದ್ದು ಅಂತ ಕೇಳಿದರು.

ಡಾಕ್ಟರಿಗೆ ಫೋನು ಮಾಡಿದವಳು ಅವಳೇ. ಕಿಟಕಿಯ ವಿಷಯ ಹೇಳಿದಳು, ಅತ್ತೆಯ ವಿಷಯ ಹೇಳಲಿಲ್ಲ. ಇನ್ನೊಂದು ಸಲ ಮಾಡಿಸೋಣ ಅಂದರು. ಪರೀಕ್ಷೆಯ ಮೊದಲ ದಿನವೇ ಅವಳು ಡೊಂಬಿವಲಿಗೆ ಬಂದು ನಮ್ಮಲ್ಲಿ ಉಳಿದಳು. ಬೆಳಿಗ್ಗೆ ಎರಡು ಬಾಟಲಿ, ಒಂದಕ್ಕೆ ಅವಳ ಹೆಸರು, ಒಂದಕ್ಕೆ ನನ್ನದು, ಅದೇ ಕಾಫಿಡಬ್ಬದಲ್ಲಿ ಮಂಜುಗಡ್ಡೆಯ ನಡುವೆ. ನನ್ನ ಗಂಡ ಆ ದಿನವೂ ಹೋಟೆಲಿನಲ್ಲೇ ಕಾಫಿ ಕುಡಿದರು.

ಎರಡು ವಾರ ಬಿಟ್ಟು ಕಾಗದ ಬಂತು. ನನ್ನದು ಮೊದಲಿಗಿಂತ ಸ್ವಲ್ಪ ಇಳಿದಿತ್ತು. ಅವಳದು ನನ್ನದಕ್ಕಿಂತ ಹೆಚ್ಚು. ಬೆಂಚಿನಲ್ಲಿ ಈ ಸಲ ನಡುವೆ ಯಾರೂ ಇರಲಿಲ್ಲ. ಅವಳು ತನ್ನ ಕಾಗದ ಮಡಚಿ ಪರ್ಸಿಗೆ ಹಾಕಿ, ನನ್ನ ಕಾಗದವನ್ನು ಕೇಳಿ ತೆಗೆದುಕೊಂಡು, ಆ ಅಂಕಿಯನ್ನೇ ತುಂಬಾ ಹೊತ್ತು ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ನನ್ನ ಮುಖದಲ್ಲಿದ್ದದ್ದು ಅದೇ. ನಾನು ಅವಳ ಕೈ ಹಿಡಿದೆ. ಅವಳು ಕರವಸ್ತ್ರ ಹುಡುಕಿದಳು.

ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ಆರಿತು ಅಂದುಕೊಂಡಿದ್ದೆ. ಒಂದು ವಾರ ಆರಿಯೇ ಇತ್ತು. ಆಮೇಲೆ, ಕಿಟಕಿಯಿಂದ ಆದದ್ದು ಕೇಳಿದ ಮೇಲೆ ಅತ್ತೆ ಈಗ ಬೆಳಿಗ್ಗೆ ತಾವೇ ಎದ್ದು ಅವಳಿಗೆ ಮಾತ್ರೆಗೆ ಬಿಸಿನೀರು ಕೊಡುತ್ತಾರೆ ಅಂತ ಮೈದುನ ಫೋನಿನಲ್ಲಿ ಹೇಳಿದರು. ನನಗೆ ಸಕ್ಕರೆ ಕಾಯಿಲೆ ಬಂದಾಗ ಒಂದು ಲೋಟ ನೀರು ಕೊಟ್ಟವರಲ್ಲ. ಹಂಡೆ ಮತ್ತೆ ಕಾಯತೊಡಗಿತು.

ಅವಳಿಗೆ ಹೊಸ ಮಾತ್ರೆ ಶುರುವಾಯಿತು. ಈಗ ನಾವು ಪ್ರತಿ ತಿಂಗಳು ಒಟ್ಟಿಗೆ ಹೋಗುತ್ತೇವೆ. ದೀಪಾವಳಿಯ ಎಣ್ಣೆಸ್ನಾನದ ಹಿಂದಿನ ದಿನ ನಾನು ಕಲ್ಯಾಣಕ್ಕೆ ಹೋದಾಗ ಅತ್ತೆ ಅಡುಗೆಮನೆಯ ನೆಲದಲ್ಲಿ ಕೂತು, ಫ್ರಿಜ್ಜಿನ ಕೆಳಗಿನ ಖಾನೆಯನ್ನು ಹೊರಗೆ ಎಳೆದು, ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಒರೆಸಿ, ಒಳಗೆ ಆ ಬಾಟಲಿ ಹಿಡಿಸುವಷ್ಟು ಒಂದು ಖಾಲಿ ಸ್ಟೀಲಿನ ಡಬ್ಬ ಇಟ್ಟು, ಖಾನೆ ಮುಚ್ಚಿದರು. ನೈವೇದ್ಯದ ಹಾಲನ್ನು ಎಲ್ಲಕ್ಕಿಂತ ಮೇಲಿನ ತಟ್ಟೆಗೆ ಏರಿಸಿದರು. ಆಮೇಲೆ ಕೈ ತೊಳೆದುಕೊಂಡು ಬಂದು, ನನ್ನ ಕೈ ತೊಳೆದಿದೆಯಾ ಅಂತ ಕೇಳಿದರು.